ಪವರ್ಗವೆಲ್ಲ ಮಕಾರವಾದ ವರ್ಷ

2022ರ ಜೂನ್ ತಿಂಗಳ ಕೊನೆಯ ವಾರ. ತೀರ್ಥಹಳ್ಳಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುವ ನಾನು ಅಂದು ಎಂಟನೆಯ ತರಗತಿಗೆ ವರ್ಗಾಕ್ಷರಗಳ ಉಚ್ಚಾರಣೆಯನ್ನು ಹೇಳಿಕೊಡುತ್ತಿದ್ದೆ. ಹೆಂಚಿನ ಮೇಲೆ ಮಳೆ ಬಡಿಯುತ್ತಿದ್ದುದರಿಂದ ಗಟ್ಟಿಯಾಗಿ ಮಾತನಾಡಬೇಕಾಗಿತ್ತು. "ಪ, ಫ, ಬ, ಭ, ಮ" ಎಂದು ಹೇಳಹೊರಟರೆ ಐದೂ ಅಕ್ಷರಗಳು ಮಕಾರವಾಗಿಯೇ ಹೊರಬಂದವು. ಮುಂದಿನ ಬೆಂಚಿನ ಹುಡುಗಿ "ಟೀಚರ್, ನೆಗಡಿಯಾ?" ಎಂದು ಕೇಳಿದಳು. ನೆಗಡಿ ಇರಲಿಲ್ಲ. ಬಕಾರ ಹುಟ್ಟಬೇಕಾದರೆ ತುಟಿಗಳು ಮುಚ್ಚಿಕೊಳ್ಳಬೇಕು, ಅದೇ ಗಳಿಗೆಯಲ್ಲಿ ಮೃದುತಾಲು ಮೇಲೆದ್ದು ಮೂಗಿನ ದಾರಿಯನ್ನು ಅಡ್ಡಗಟ್ಟಬೇಕು. ಅದು ಏಳದೆ ಹೋದರೆ ಗಾಳಿಯೆಲ್ಲ ಮೂಗಿಗೆ ಸರಿದು, ಪ್ರತಿಯೊಂದು ವರ್ಗವೂ ತನ್ನ ಐದನೆಯ ಅಕ್ಷರಕ್ಕೆ ಬಂದು ನಿಲ್ಲುತ್ತದೆ. ನನ್ನ ತಾಲು ಸೋತಿದೆ ಎಂದು ತಿಳಿಯುವಷ್ಟು ಧ್ವನಿಶಾಸ್ತ್ರ ನನಗೆ ಗೊತ್ತಿತ್ತು. ಏಕೆ ಸೋತಿದೆ ಎಂಬುದು ಗೊತ್ತಾಗಲು ಏಳು ತಿಂಗಳು ಹಿಡಿಯಿತು.

ಮೊದಲ ಎರಡು ಪೀರಿಯಡ್ಡುಗಳಲ್ಲಿ ದನಿ ಸರಿಯಾಗಿರುತ್ತಿತ್ತು, ಮೂರನೆಯದರಲ್ಲಿ ಕೆಡುತ್ತಿತ್ತು, ಊಟದ ವಿರಾಮದಲ್ಲಿ ಸುಮ್ಮನೆ ಕುಳಿತರೆ ಒಂದಿಷ್ಟು ಮರಳಿ ಬರುತ್ತಿತ್ತು. ಆಗಸ್ಟಿನ ಹೊತ್ತಿಗೆ ಕುಡಿದ ನೀರು ಮೂಗಿನಿಂದ ಇಳಿಯತೊಡಗಿತು. ಅಕ್ಕಿರೊಟ್ಟಿಯ ಎರಡನೆಯ ತುತ್ತಿಗೇ ದವಡೆ ಜೋತುಬೀಳುತ್ತಿದ್ದುದರಿಂದ ಗಲ್ಲಕ್ಕೆ ಕೈಕೊಟ್ಟು ಅಗಿಯುತ್ತಿದ್ದೆ. "ಎಂತದೇ ಇದು, ಎಳೆಮಗು ತಿಂದಂಗೆ ತಿಂತೀಯಲ್ಲ" ಎಂದು ಅತ್ತೆ ಸಂಕಟಪಟ್ಟು ಗಂಜಿಗೆ ಬೆಣ್ಣೆ ಹಾಕಿ ಕೊಡುತ್ತಿದ್ದರು. ಕೈಕಾಲುಗಳಲ್ಲಿ ಮಾತ್ರ ಶಕ್ತಿ ಮೊದಲಿನಂತೆಯೇ ಇತ್ತು. ತೋಟದಿಂದ ಹೊರೆ ಸೊಪ್ಪು ಹೊತ್ತು ತರಬಲ್ಲೆ, ಆದರೆ ಒಂದು ಲೋಟ ಕಾಫಿ ಕುಡಿಯಲಾರೆ. ಹೀಗಿದ್ದುದರಿಂದಲೇ ನನ್ನ ಮಾತನ್ನು ನಂಬುವುದು ಇತರರಿಗೆ ಕಷ್ಟವಾಯಿತು.

ಗಂಟಲಿನ ವೈದ್ಯರು ಆಮ್ಲೀಯತೆಗೆ ಮಾತ್ರೆ ಕೊಟ್ಟರು. ಅಲ್ಲಿಂದ ಬೇರೊಂದು ಆಸ್ಪತ್ರೆಗೆ ಹೋದಾಗ, ಅಲ್ಲಿನ ವೈದ್ಯರು ನರದ ಕರೆ ಸ್ನಾಯುವಿಗೆ ಸರಿಯಾಗಿ ತಲುಪದೆ, ಬಳಸಿದಷ್ಟೂ ಸ್ನಾಯು ಸೋಲುವ ಮಯಸ್ತೇನಿಯಾ ಗ್ರೇವಿಸ್ ಎಂಬ ರೋಗ ಇರಬಹುದೇ ಎಂದು ಸರಿಯಾಗಿಯೇ ಯೋಚಿಸಿ ರಕ್ತವನ್ನು ಪರೀಕ್ಷೆಗೆ ಕಳುಹಿಸಿದರು; ಕೈಯ ನರಕ್ಕೆ ವಿದ್ಯುತ್ತಿನ ಚುರುಕು ಮತ್ತೆ ಮತ್ತೆ ಕೊಟ್ಟು ಸ್ನಾಯು ದಣಿಯುತ್ತದೆಯೇ ಎಂದು ನೋಡುವ ಪರೀಕ್ಷೆಯನ್ನೂ ಮಾಡಿಸಿದರು. ಕೈಯ ಪರೀಕ್ಷೆಯಲ್ಲಿ ದೋಷ ಕಾಣಲಿಲ್ಲ. ರಕ್ತದ ವರದಿಯಲ್ಲಿ ಇದ್ದದ್ದು ಒಂದೇ ಸಾಲು: ಅಸಿಟೈಲ್‌ಕೋಲಿನ್ ಗ್ರಾಹಿಯ ವಿರುದ್ಧದ ಪ್ರತಿಕಾಯ, ನೆಗೆಟಿವ್. "ಮಯಸ್ತೇನಿಯಾ ಅಲ್ಲ ಮೇಡಂ, ಮನಸ್ಸಿಗೆ ಒತ್ತಡ ಜಾಸ್ತಿಯಾಗಿದೆ" ಎಂದು ಹೇಳಿ ನಿದ್ರೆಯ ಮಾತ್ರೆ ಬರೆದುಕೊಟ್ಟರು. ನಾನೂ ನಮ್ಮ ಯಜಮಾನರೂ ಆ ಕಾಗದವನ್ನು ಮನೆಗೆ ತಂದು ಕಪಾಟಿನಲ್ಲಿಟ್ಟೆವು. ಇಂದಿಗೂ ನನ್ನನ್ನು ಕಾಡುವುದು ಆ ಒಂದು ಸಾಲು. ಅದು ಸುಳ್ಳಾಗಿರಲಿಲ್ಲ. ಕೇಳಿದ ಪ್ರಶ್ನೆಗೆ ಅದು ನಿಜವಾದ ಉತ್ತರವನ್ನೇ ಕೊಟ್ಟಿತ್ತು, ಆದರೆ ಕೇಳಬೇಕಾಗಿದ್ದ ಎರಡನೆಯ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ.

ಆ ಎರಡನೆಯ ಪ್ರಶ್ನೆ ಯಾವುದೆಂದು ತಿಳಿಯಲು ರೋಗದ ಒಳಗನ್ನು ಸ್ವಲ್ಪ ನೋಡಬೇಕು. ನರದ ತುದಿಗೂ ಸ್ನಾಯುವಿಗೂ ನಡುವೆ ಕೂದಲೆಳೆಗಿಂತ ಎಷ್ಟೋ ಪಾಲು ಕಿರಿದಾದ ಸಂದು ಇದೆ. ಸ್ನಾಯುವನ್ನು ಕೆಲಸಕ್ಕೆ ಕರೆಯಬೇಕಾದಾಗ ನರವು ಆ ಸಂದಿಗೆ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಸುರಿಯುತ್ತದೆ. ಸ್ನಾಯುವಿನ ಮೈಮೇಲೆ ಒತ್ತೊತ್ತಾಗಿ ಕುಳಿತ ಗ್ರಾಹಿಗಳು ಅದನ್ನು ಹಿಡಿದುಕೊಳ್ಳುತ್ತವೆ. ಮಳೆಗಾಲದಲ್ಲಿ ಸೂರಿನ ನೀರು ಬೀಳುವಲ್ಲಿಗೆ ಸರಿಯಾಗಿ ನಾವು ಅಂಗಳದಲ್ಲಿ ಕೊಡಪಾನಗಳನ್ನು ಸಾಲಾಗಿ ಇಡುವ ಹಾಗೆ ಎಂದುಕೊಳ್ಳಬಹುದು. ಮಯಸ್ತೇನಿಯಾ ಇರುವವರಲ್ಲಿ, ಕಣ್ಣಿಗಷ್ಟೇ ಸೀಮಿತವಾಗದೆ ಮೈಗೆಲ್ಲ ಹರಡಿದವರನ್ನು ತೆಗೆದುಕೊಂಡರೆ, ನೂರಕ್ಕೆ ಸುಮಾರು 80ರಿಂದ 85 ಮಂದಿಯಲ್ಲಿ ರೋಗಾಣುಗಳನ್ನು ತಡೆಯಲೆಂದು ದೇಹವೇ ತಯಾರಿಸುವ ಪ್ರತಿಕಾಯಗಳು ಈ ಗ್ರಾಹಿಗಳ ಮೇಲೆ ಬೀಳುತ್ತವೆ. ಅವು ಹೆಚ್ಚಾಗಿ ಐಜಿಜಿ1 ಮತ್ತು ಐಜಿಜಿ3 ಎಂಬ ಬಗೆಯವು. ಕಾಂಪ್ಲಿಮೆಂಟ್ ಎಂಬ ರಕ್ತದ ಪ್ರೋಟೀನುಗಳ ಪಡೆಯನ್ನೂ ಜೊತೆಗೆ ಕರೆತಂದು ಸ್ನಾಯುವಿನ ಆ ಜಾಗವನ್ನೇ ಹಾಳುಗೆಡವುತ್ತವೆ. ಕೊಡಪಾನಗಳನ್ನು ಒಡೆದುಹಾಕಿದಂತೆ. ಈ ಗ್ರಾಹಿಯ ಸಂಗತಿಯನ್ನು ತೋರಿಸಿಕೊಟ್ಟವರು ಪ್ಯಾಟ್ರಿಕ್ ಮತ್ತು ಲಿಂಡ್‌ಸ್ಟ್ರಾಮ್. ವಿದ್ಯುತ್ ಈಲ್ ಮೀನಿನಿಂದ ತೆಗೆದ ಗ್ರಾಹಿಯನ್ನು ಮೊಲಗಳಿಗೆ ಚುಚ್ಚಿದಾಗ ಆ ಮೊಲಗಳು ಮಯಸ್ತೇನಿಯಾ ರೋಗಿಗಳಂತೆಯೇ ಸೊರಗಿದ್ದನ್ನು ಅವರು 1973ರಲ್ಲಿ ಪ್ರಕಟಿಸಿದರು.

ಇನ್ನೊಂದು ಸಣ್ಣ ಗುಂಪಿನವರಲ್ಲಿ ಪ್ರತಿಕಾಯ ಹೋಗಿ ತಗಲುವುದು ಮಸ್ಕ್ ಎಂಬ ಬೇರೆ ಪ್ರೋಟೀನಿಗೆ. ಕೊಡಪಾನಗಳನ್ನು ನೀರು ಬೀಳುವಲ್ಲಿಗೆ ಸರಿಯಾಗಿ ಜೋಡಿಸಿಡುವ ಕೈ ಇದು. ಇಲ್ಲಿನ ಪ್ರತಿಕಾಯ ಐಜಿಜಿ4 ಬಗೆಯದು. ಅದು ಕಾಂಪ್ಲಿಮೆಂಟನ್ನು ಕರೆಯುವುದಿಲ್ಲ, ಏನನ್ನೂ ಒಡೆಯುವುದಿಲ್ಲ, ಜೋಡಿಸುವ ಕೈಯನ್ನು ಹಿಡಿದು ನಿಲ್ಲಿಸುತ್ತದೆ ಅಷ್ಟೆ. ಗ್ರಾಹಿಗಳು ಚದುರಿಹೋಗುತ್ತವೆ, ನೀರು ನೆಲಕ್ಕೆ ಬೀಳುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ರೋಗ. ವರ್ನರ್ ಹಾಕ್, ಆ್ಯಂಜೆಲಾ ವಿನ್ಸೆಂಟ್ ಮತ್ತು ಸಂಗಡಿಗರು ಈ ಪ್ರತಿಕಾಯವನ್ನು ಗುರುತಿಸಿದ್ದು 2001ರಲ್ಲಿ. ನಾನು ಶಿವಮೊಗ್ಗದಲ್ಲಿ ಬಿ.ಎಡ್. ಓದುತ್ತಿದ್ದ ವರ್ಷ ಅದು. ಅದಕ್ಕೂ ಮೊದಲು ನನ್ನಂಥವರ ವರದಿಯಲ್ಲಿ ನೆಗೆಟಿವ್ ಎಂದಲ್ಲದೆ ಬೇರೇನನ್ನೂ ಬರೆಯಲು ಸಾಧ್ಯವಿರಲಿಲ್ಲ. ಇಪ್ಪತ್ತೊಂದು ವರ್ಷಗಳ ಅನಂತರವೂ ನನ್ನ ವರದಿಯಲ್ಲಿ ಅಷ್ಟೇ ಇತ್ತಲ್ಲ ಎಂಬುದೇ ನನ್ನ ನೋವು.

2023ರ ಜನವರಿಯಲ್ಲಿ ಜ್ವರ ಬಂತು. ನಮ್ಮ ಕಡೆ ಆ ಕಾಲದಲ್ಲಿ ಜ್ವರವೆಂದರೆ ಎಲ್ಲರ ಮನಸ್ಸಿಗೂ ಮೊದಲು ಬರುವುದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಗುರುತಿಸಿದ ಆ ರೋಗದ ಭಯ ಇಂದಿಗೂ ಹೋಗಿಲ್ಲ. ರಕ್ತ ಪರೀಕ್ಷೆಯಲ್ಲಿ ಅದಲ್ಲ ಎಂದಾಯಿತು. ನುಂಗುವಾಗ ದಾರಿ ತಪ್ಪಿದ ಗಂಜಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಿತ್ತು. ಸಣ್ಣ ಆಸ್ಪತ್ರೆಯೊಂದರಲ್ಲಿ ಅಮಿಕಾಸಿನ್ ಇಂಜೆಕ್ಷನ್ ಕೊಟ್ಟರು. ನರ ಮತ್ತು ಸ್ನಾಯುಗಳ ನಡುವಿನ ಸಂದೇಶವನ್ನು ಇನ್ನಷ್ಟು ಕುಗ್ಗಿಸುವ ಕಾರಣ, ಮಯಸ್ತೇನಿಯಾ ಇರುವವರಿಗೆ ಆ ಗುಂಪಿನ ಆ್ಯಂಟಿಬಯಾಟಿಕ್‌ಗಳನ್ನು ಕೊಡುವುದಿಲ್ಲ. ಆದರೆ ಕೊಟ್ಟವರನ್ನು ನಾನು ದೂರಲಾರೆ. ನನಗೆ ಮಯಸ್ತೇನಿಯಾ ಇಲ್ಲ ಎಂದು ಹೇಳುವ ಕಾಗದವನ್ನು ನಾವೇ ಅವರ ಕೈಗೆ ಕೊಟ್ಟಿದ್ದೆವು.

ಮರುದಿನ ಸಂಜೆ ದಿಂಬಿನಿಂದ ತಲೆ ಎತ್ತಲಾಗಲಿಲ್ಲ. ಬೆರಳಿಗೆ ಹಾಕಿದ ಕ್ಲಿಪ್ಪಿನಲ್ಲಿ ಆಮ್ಲಜನಕ 96 ಎಂದು ತೋರಿಸುತ್ತಿದ್ದುದರಿಂದ "ಉಸಿರಾಟಕ್ಕೇನೂ ತೊಂದರೆಯಿಲ್ಲ" ಎಂದರು. ಯಜಮಾನರು ಒಪ್ಪಲಿಲ್ಲ. 108ರ ಆಂಬುಲೆನ್ಸ್ ಮಂಡಗದ್ದೆ, ಸಕ್ರೆಬೈಲು, ಗಾಜನೂರು ದಾಟಿ ಶಿವಮೊಗ್ಗ ತಲುಪುವಷ್ಟರಲ್ಲಿ ಮಾತು ಪೂರ್ತಿ ನಿಂತಿತ್ತು. ಕೂತರೆ ಒಂದಿಷ್ಟು ಗಾಳಿ ಸಿಗುತ್ತಿತ್ತು, ಮಲಗಿದರೆ ಇಲ್ಲ. ಅಲ್ಲಿನ ಐಸಿಯುವಿನ ಯುವ ವೈದ್ಯೆ ಕ್ಲಿಪ್ಪನ್ನು ನೋಡಿಯೂ ಅದನ್ನು ನೆಚ್ಚಲಿಲ್ಲ. "ಅಕ್ಕಾ, ಉಸಿರು ಪೂರ್ತಿ ಎಳಕೊಂಡು, ಒಂದೇ ಉಸಿರಲ್ಲಿ ಎಷ್ಟಾಗುತ್ತೋ ಅಷ್ಟು ಎಣಿಸಿ" ಎಂದರು. ದನಿಯಿಲ್ಲದ ಪಿಸುಮಾತಿನಲ್ಲಿ ಎಣಿಸಿದೆ. ಎಂಟಕ್ಕೆ ಉಸಿರು ಮುಗಿಯಿತು. ಆರೋಗ್ಯವಂತರು ಸುಮಾರು ಐವತ್ತರವರೆಗೆ ಎಣಿಸಬಲ್ಲರು. ಇಪ್ಪತ್ತರ ಕೆಳಗೆ ಇಳಿದರೆ ಎಚ್ಚರಗೊಳ್ಳಬೇಕು. ಉಸಿರಾಟದ ಸ್ನಾಯುಗಳು ಸೋಲುವಾಗ ಆಮ್ಲಜನಕದ ಅಂಕಿ ಕೊನೆಯ ಹಂತದವರೆಗೂ ಚೆನ್ನಾಗಿಯೇ ಕಾಣುತ್ತಿರಬಹುದು, ಅಷ್ಟರಲ್ಲಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿರುತ್ತದೆ. ಅರ್ಧ ಗಂಟೆಯೊಳಗೆ ನನ್ನನ್ನು ವೆಂಟಿಲೇಟರಿಗೆ ಹಾಕಿದರು. ಮಯಸ್ತೇನಿಕ್ ಕ್ರೈಸಿಸ್ ಎಂದು ಇದಕ್ಕೆ ಹೆಸರು. ಈ ರೋಗವಿರುವ ನೂರು ಮಂದಿಯಲ್ಲಿ 15ರಿಂದ 20 ಜನರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಇದು ಬರುತ್ತದೆ, ಅದೂ ಹೆಚ್ಚಾಗಿ ಮೊದಲ ಎರಡು ವರ್ಷಗಳಲ್ಲಿ. ಮಸ್ಕ್ ಗುಂಪಿನವರಲ್ಲಿ ಗಂಟಲು ಮತ್ತು ಉಸಿರಾಟಕ್ಕೇ ಮೊದಲ ಪೆಟ್ಟು ಬೀಳುವುದರಿಂದ ಇದರ ಅಪಾಯ ಹೆಚ್ಚು.

ಬಾಯಲ್ಲಿ ನಳಿಕೆ ಇದ್ದುದರಿಂದ ನಾನು ಮಾತನಾಡುತ್ತಿದ್ದುದು ಬರೆದು. ನಾದಿನಿ ಎರಡುಗೆರೆಯ ನೋಟ್‌ಬುಕ್ ತಂದುಕೊಟ್ಟಿದ್ದಳು. ಮೂರನೆಯ ದಿನ ನರರೋಗ ತಜ್ಞರು ಬಂದಾಗ, ಜೊಲ್ಲನ್ನು ತೆಗೆಯಲು ಸಿಸ್ಟರನ್ನು ಕರೆಯಿರಿ ಎಂದು ಬರೆದು ತೋರಿಸಿದೆ. ಅವರು ಆ ಹಾಳೆಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಒತ್ತಕ್ಷರಗಳು, ದೀರ್ಘಗಳು, ಕೊನೆಯ ಪೂರ್ಣವಿರಾಮ, ಯಾವುದೂ ನಡುಗಿರಲಿಲ್ಲ. ಸಾಲು ಗೆರೆಯಿಂದ ಇಳಿದಿರಲಿಲ್ಲ. "ಉಗುಳು ನುಂಗಲಾಗದವರ ಅಕ್ಷರ ಇಷ್ಟು ದುಂಡಗೆ ಇದೆ" ಎಂದು ಜೊತೆಯಲ್ಲಿದ್ದ ಕಿರಿಯ ವೈದ್ಯರಿಗೆ ತೋರಿಸಿದರು. ನಂತರ ಟಾರ್ಚ್ ಹಿಡಿದು, ನಳಿಕೆಯ ಪಕ್ಕದಲ್ಲಿ ನಾಲಗೆಯನ್ನು ಪರೀಕ್ಷಿಸಿದರು. ಅಂಚುಗಳು ಸೊರಗಿ, ಉದ್ದಕ್ಕೆ ಗೀರು ಬಿದ್ದಿದ್ದವು. ಕಣ್ಣಿನ ರೆಪ್ಪೆ ಹೆಚ್ಚೇನೂ ಇಳಿದಿಲ್ಲ, ತೋಳು ತೊಡೆಗಳಲ್ಲಿ ಬಲವಿದೆ, ಮುಖ, ನಾಲಗೆ, ಗಂಟಲು, ಕುತ್ತಿಗೆ ಮಾತ್ರ ಕುಸಿದಿವೆ, ವಯಸ್ಸು ನಲವತ್ತರ ಆಸುಪಾಸು, ಹೆಂಗಸು. ಇಷ್ಟನ್ನೂ ಸೇರಿಸಿ ನೋಡಿದರೆ ಮಸ್ಕ್ ಇರಬೇಕು ಎಂದು ಅವರು ಅಂದೇ ಹೇಳಿದರು. ಕೈಯ ನರದ ಪರೀಕ್ಷೆ ಸರಿಯಾಗಿ ಬಂದದ್ದಕ್ಕೂ ಅದೇ ಕಾರಣ: ಬಲವಿರುವ ಕಡೆ ದಣಿವನ್ನು ಹುಡುಕಿದ್ದರು, ಮುಖದ ಸ್ನಾಯುವಿನಲ್ಲಿ ಹುಡುಕಬೇಕಿತ್ತು. ರಕ್ತದ ಮಾದರಿ ಆ ಸಂಜೆಯೇ ಬೆಂಗಳೂರಿಗೆ ಹೋಯಿತು.

ವರದಿ ಬರುವವರೆಗೆ ಕಾಯುವಂತಿರಲಿಲ್ಲವಾದ್ದರಿಂದ ಕೈಯಲ್ಲಿದ್ದ ಐವಿಐಜಿಯನ್ನು, ಎಂದರೆ ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳ ದ್ರವವನ್ನು, ರಕ್ತನಾಳಕ್ಕೆ ಹನಿಸಲು ಆರಂಭಿಸಿದರು. ಕಿಲೋ ತೂಕಕ್ಕೆ ದಿನಕ್ಕೆ 0.4 ಗ್ರಾಂ ಲೆಕ್ಕದಲ್ಲಿ, 48 ಕಿಲೋ ಇದ್ದ ನನಗೆ ದಿನಕ್ಕೆ ಐದು ಗ್ರಾಮಿನ ನಾಲ್ಕು ಬಾಟಲಿ, ಐದು ದಿನಕ್ಕೆ ಇಪ್ಪತ್ತು. ಯಜಮಾನರು ಆ ವರ್ಷದ ಅಡಿಕೆಯ ಮೇಲೆ ಮಂಡಿಯಲ್ಲಿ ಮುಂಗಡ ತಂದಿದ್ದರು. ನನ್ನ ಎದುರಿನ ಹಾಸಿಗೆಯಲ್ಲಿ ಭದ್ರಾವತಿಯ ಕಡೆಯ ಹಿರಿಯರೊಬ್ಬರಿದ್ದರು, ಅರವತ್ತು ದಾಟಿದವರು. ಅವರದೂ ಮಯಸ್ತೇನಿಯಾ, ಅವರದೂ ಕ್ರೈಸಿಸ್. ಆದರೆ ಅವರಿಗೆ ಎರಡೂ ರೆಪ್ಪೆಗಳು ಮುಚ್ಚಿದ್ದವು, ತೋಳು ಮೇಲೇಳುತ್ತಿರಲಿಲ್ಲ, ಗ್ರಾಹಿಯ ಪ್ರತಿಕಾಯ ಪಾಸಿಟಿವ್ ಇತ್ತು, ಎದೆಯ ಸಿ.ಟಿ.ಯಲ್ಲಿ, ಎದೆಯೆಲುಬಿನ ಹಿಂದೆ ಇದ್ದು ರೋಗನಿರೋಧಕ ಕೋಶಗಳನ್ನು ಬೆಳೆಸುವ ಥೈಮಸ್ ಗ್ರಂಥಿಯ ಗೆಡ್ಡೆ ಕಂಡಿತ್ತು. ಅವರಿಗೂ ಅದೇ ಔಷಧಿ ಹನಿಯುತ್ತಿತ್ತು. ಏಳನೆಯ ದಿನ ಅವರ ವೆಂಟಿಲೇಟರ್ ತೆಗೆದರು. ಹತ್ತನೆಯ ದಿನವೂ ನಾನು ಹಾಗೆಯೇ ಇದ್ದೆ. ಹೊರಗಿನ ಬೆಂಚಿನಲ್ಲಿ ಅವರ ಹೆಂಡತಿ ನನ್ನ ನಾದಿನಿಯನ್ನು ಕೇಳಿದರಂತೆ: "ಒಂದೇ ಕಾಯಿಲೆ ಅಂತಾರೆ, ಒಂದೇ ಬಾಟ್ಲಿ ಹಾಕಿದ್ರು, ನಮ್ಮೋರು ಎದ್ದು ಕೂತ್ರು. ನಿಮ್ಮ ಅತ್ತಿಗೆಗೆ ಯಾಕವ್ವಾ ಹತ್ತಲಿಲ್ಲ?" ಇಡೀ ವಿಷಯದ ತಿರುಳು ಆ ತಾಯಿ ಕೇಳಿದ ಪ್ರಶ್ನೆಯಲ್ಲೇ ಇತ್ತು.

ಈ ನಡುವೆ ಪಿರಿಡೋಸ್ಟಿಗ್ಮಿನ್ ಮಾತ್ರೆಯನ್ನು ಪುಡಿಮಾಡಿ ಮೂಗಿನ ನಳಿಕೆಯಲ್ಲಿ ಕೊಟ್ಟು ನೋಡಿದರು. ಸಂದಿನಲ್ಲಿ ಅಸಿಟೈಲ್‌ಕೋಲಿನ್ ಹೆಚ್ಚು ಹೊತ್ತು ನಿಲ್ಲುವಂತೆ ಮಾಡುವ ಈ ಮಾತ್ರೆ ಗ್ರಾಹಿಯ ಗುಂಪಿನವರಿಗೆ ಸಾಮಾನ್ಯವಾಗಿ ಊರುಗೋಲಿನಂತೆ ಒದಗುತ್ತದೆ. ನನಗೆ ಅದರಿಂದ ಮೀನಖಂಡದಲ್ಲಿ ಸೆಡೆತ, ಕೆನ್ನೆಯಲ್ಲಿ ಹುಳು ಹರಿದಂತೆ ಅದಿರಾಟ, ಬಾಯಿ ತುಂಬ ಜೊಲ್ಲು. ಬಲ ಮಾತ್ರ ಬರಲಿಲ್ಲ. ಮಸ್ಕ್ ಗುಂಪಿನವರಲ್ಲಿ ಹೀಗಾಗುವುದು ಅಪರೂಪವಲ್ಲ ಎಂದು ಅದನ್ನು ನಿಲ್ಲಿಸಿದರು. ಹನ್ನೊಂದನೆಯ ದಿನ ಕುತ್ತಿಗೆಯಲ್ಲಿ ರಂಧ್ರ ಮಾಡಿ ಟ್ರೆಕಿಯಾಸ್ಟಮಿ ನಳಿಕೆ ಹಾಕಿದರು. ಹದಿಮೂರನೆಯ ದಿನ ವರದಿ ಬಂತು: ಮಸ್ಕ್ ಪ್ರತಿಕಾಯ ಪಾಸಿಟಿವ್.

ಯಜಮಾನರಿಗೆ ವೈದ್ಯರು ವಿವರಿಸಿದಾಗ ಅವರಿಗೆ ಅದು ತಮ್ಮದೇ ಭಾಷೆಯಲ್ಲಿ ಅರ್ಥವಾಯಿತು. "ಎಳೆ ಅಡಿಕೆ ಉದುರಿದ್ದನ್ನ ಕಂಡು ಕೊಳೆ ಅಂತ ಮೈಲುತುತ್ತ ಹೊಡೆದ್ರೆ, ಉದುರಿಸಿದ್ದು ತಿಗಣೆಯಾಗಿದ್ರೆ ಅದು ನಿಲ್ಲೋದಿಲ್ಲ" ಎಂದು ನನ್ನ ಕಿವಿಯ ಹತ್ತಿರ ಬಂದು ಹೇಳಿದರು. ಮಸ್ಕ್ ಗುಂಪಿನವರಿಗೆ ಐವಿಐಜಿಗಿಂತ ಪ್ಲಾಸ್ಮಾ ಎಕ್ಸ್‌ಚೇಂಜ್ ಚೆನ್ನಾಗಿ ಒಗ್ಗುತ್ತದೆ ಎಂಬುದು ಹಲವು ಕಡೆಯ ವೈದ್ಯರ ಅನುಭವ. ಐವಿಐಜಿ ಕೊಟ್ಟ ಬೆನ್ನಿಗೇ ಪ್ಲಾಸ್ಮಾ ತೆಗೆದರೆ ಕೊಟ್ಟದ್ದೂ ಹೊರಟುಹೋಗುತ್ತದೆಂದು ಅದುವರೆಗೆ ತಡೆದಿದ್ದರು. ಹದಿನಾಲ್ಕನೆಯ ದಿನ ತೊಡೆಸಂದಿನ ರಕ್ತನಾಳಕ್ಕೆ ದಪ್ಪ ನಳಿಕೆ ಹಾಕಿ ಆರಂಭಿಸಿದರು. ರಕ್ತ ಒಂದು ನಳಿಕೆಯಲ್ಲಿ ಯಂತ್ರಕ್ಕೆ ಹೋಗುತ್ತದೆ, ಕಣಗಳು ಇನ್ನೊಂದರಲ್ಲಿ ಮರಳುತ್ತವೆ, ಪ್ರತಿಕಾಯ ತುಂಬಿದ ಪ್ಲಾಸ್ಮಾ ಚೀಲಕ್ಕೆ ಇಳಿಯುತ್ತದೆ, ಅದರ ಬದಲಿಗೆ ಆಲ್ಬುಮಿನ್ ದ್ರವ ಸೇರುತ್ತದೆ. ಒಂದು ಸಲಕ್ಕೆ ಸುಮಾರು ಎರಡು ಲೀಟರ್. ಹಾಸಿಗೆಯ ಬದಿಯಲ್ಲಿ ಚೀಲ ತುಂಬುವುದನ್ನು ನಾನು ನೋಡುತ್ತಿದ್ದೆ: ತಿಳಿಹಳದಿ, ಸ್ವಲ್ಪ ಮಂದ, ಎಳೆಜೇನಿನ ಬಣ್ಣ. ನನ್ನ ಮಾತನ್ನು ಕಿತ್ತುಕೊಂಡದ್ದು ಅದರಲ್ಲಿತ್ತು. ರಕ್ತ ಹೆಪ್ಪುಗಟ್ಟದಿರಲೆಂದು ಹಾಕುವ ಸಿಟ್ರೇಟಿನಿಂದ ಕ್ಯಾಲ್ಸಿಯಂ ಇಳಿದು ತುಟಿಯ ಸುತ್ತ ಜುಮುಗುಟ್ಟುತ್ತಿತ್ತು. ನೋಟ್‌ಬುಕ್ಕಿನಲ್ಲಿ "ತುಟಿ" ಎಂದು ಬರೆದರೆ ಸಿಸ್ಟರ್ ಕ್ಯಾಲ್ಸಿಯಂ ಕೊಡುತ್ತಿದ್ದರು. ದಿನ ಬಿಟ್ಟು ದಿನದಂತೆ ಐದು ಸಲ ಮಾಡಿದರು. ಮೂರನೆಯದರ ಮರುದಿನ ಬೆಳಗಿನ ಜಾವ ಎಚ್ಚರವಾದಾಗ ನನಗೆ ಗೊತ್ತಿಲ್ಲದೆಯೇ ಉಗುಳು ನುಂಗಿದ್ದೆ. ಅದನ್ನು ಮತ್ತೆ ಮತ್ತೆ ನುಂಗಿ ನೋಡಿ, ಯಾರನ್ನೂ ಎಬ್ಬಿಸದೆ, ಬೆಳಗಾಗುವವರೆಗೆ ಅತ್ತೆ. ಇಪ್ಪತ್ತಮೂರನೆಯ ದಿನ ವೆಂಟಿಲೇಟರ್ ತೆಗೆದರು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಕ್ರೈಸಿಸ್‌ನಿಂದ ಜೀವ ಉಳಿಯುವುದು ಪ್ರತಿಕಾಯದ ಬಗೆಯೊಂದರಿಂದಲೇ ನಿರ್ಧಾರವಾಗುವುದಿಲ್ಲ. ವಯಸ್ಸು, ಸೋಂಕು, ಹೃದಯ ಮತ್ತು ಶ್ವಾಸಕೋಶಗಳ ಸ್ಥಿತಿ, ಎಷ್ಟು ಬೇಗ ವೆಂಟಿಲೇಟರ್ ಸಿಕ್ಕಿತು ಎಂಬುದು, ಒಳ್ಳೆಯ ನರ್ಸಿಂಗ್ ಆರೈಕೆ, ಇವೆಲ್ಲವೂ ಅಷ್ಟೇ ಮುಖ್ಯ. ಪ್ರತಿಕಾಯದ ಬಗೆ ಹೇಳುವುದು ಯಾವ ಬಾಗಿಲನ್ನು ತಟ್ಟಬೇಕು ಎಂಬುದನ್ನು. ಬಂಧುಗಳೊಬ್ಬರು "ಥೈಮಸ್ ತೆಗೆಸಿದರೆ ವಾಸಿಯಾಗುತ್ತದಂತೆ" ಎಂದು ಒತ್ತಾಯಿಸುತ್ತಿದ್ದರು. 2016ರಲ್ಲಿ ಪ್ರಕಟವಾದ, 126 ರೋಗಿಗಳ ಮೇಲಿನ ಅಂತಾರಾಷ್ಟ್ರೀಯ ಅಧ್ಯಯನವು ಆ ಶಸ್ತ್ರಚಿಕಿತ್ಸೆಯಿಂದ ಪ್ರಯೋಜನವಿದೆ ಎಂದು ತೋರಿಸಿದ್ದು ನಿಜ. ಆದರೆ ಅದರಲ್ಲಿದ್ದವರೆಲ್ಲ ಗ್ರಾಹಿಯ ಪ್ರತಿಕಾಯ ಇದ್ದವರು. ಮಸ್ಕ್ ಗುಂಪಿನಲ್ಲಿ ಥೈಮಸ್ ಸಾಮಾನ್ಯವಾಗಿ ಸಹಜವಾಗಿಯೇ ಇರುತ್ತದೆ, ಅದನ್ನು ತೆಗೆದರೆ ಲಾಭವೆಂದು ತೋರಿಬಂದಿಲ್ಲ. ಕಾಂಪ್ಲಿಮೆಂಟನ್ನು ತಡೆಯುವ ಎಕುಲಿಜುಮ್ಯಾಬ್‌ನಂಥ ದುಬಾರಿ ಔಷಧಿಗಳದೂ ಅದೇ ಕಥೆ. ನನ್ನ ರೋಗದಲ್ಲಿ ಕಾಂಪ್ಲಿಮೆಂಟ್ ಕೆಲಸವನ್ನೇ ಮಾಡುತ್ತಿಲ್ಲವಾದ್ದರಿಂದ ಅದನ್ನು ತಡೆದು ಏನೂ ಆಗದು.

ನನಗೆ ತೆರೆದ ಬಾಗಿಲು ರಿಟುಕ್ಸಿಮ್ಯಾಬ್. ಪ್ರತಿಕಾಯ ತಯಾರಿಸುವ ಜೀವಕೋಶಗಳ ಪೀಳಿಗೆಯಲ್ಲಿ ಸಿಡಿ20 ಎಂಬ ಗುರುತಿರುವ ಬಿ ಕೋಶಗಳನ್ನು ಅದು ನಾಶಮಾಡುತ್ತದೆ. ಮಸ್ಕ್ ಪ್ರತಿಕಾಯವನ್ನು ಹೆಚ್ಚಾಗಿ ತಯಾರಿಸುವ ಕೋಶಗಳು ಅಲ್ಪಾಯುಷಿಗಳು. ಬಿ ಕೋಶಗಳಿಂದ ಹೊಸಬರು ಬರದಿದ್ದರೆ ತಯಾರಿಯೇ ನಿಲ್ಲುತ್ತದೆ. ಗ್ರಾಹಿಯ ಪ್ರತಿಕಾಯವನ್ನು ಮಾಡುವವರಲ್ಲಿ ದೀರ್ಘಾಯುಷಿಗಳಾದ, ಆ ಗುರುತಿಲ್ಲದ ಕೋಶಗಳೂ ಇರುವುದರಿಂದ ಅಲ್ಲಿ ಫಲ ಅಷ್ಟು ಖಚಿತವಲ್ಲ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮಸ್ಕ್ ಪ್ರತಿಕಾಯವಿರುವ 55 ರೋಗಿಗಳನ್ನು ನೋಡಿದಾಗ, ರಿಟುಕ್ಸಿಮ್ಯಾಬ್ ಪಡೆದವರಲ್ಲಿ ಶೇ. 58 ಮಂದಿ ನಿಗದಿಪಡಿಸಿದ್ದ ಸುಧಾರಣೆಯ ಮಟ್ಟವನ್ನು ಮುಟ್ಟಿದ್ದರು, ಪಡೆಯದವರಲ್ಲಿ ಶೇ. 16. ವೈದ್ಯರು ಈ ಅಂಕಿಗಳನ್ನು ನನ್ನ ನೋಟ್‌ಬುಕ್ಕಿನಲ್ಲೇ ಬರೆದು ತೋರಿಸಿದರು. ನ್ಯುಮೋನಿಯಾ ಪೂರ್ತಿ ಇಳಿದ ಮೇಲೆ, ಹೆಪಟೈಟಿಸ್ ಬಿ ಇಲ್ಲವೆಂದು ಖಚಿತಪಡಿಸಿಕೊಂಡು, ಏಪ್ರಿಲ್‌ನಲ್ಲಿ ಒಂದು ಗ್ರಾಂ, ಎರಡು ವಾರ ಬಿಟ್ಟು ಇನ್ನೊಂದು ಗ್ರಾಂ ಕೊಟ್ಟರು. ಪ್ಲಾಸ್ಮಾ ಎಕ್ಸ್‌ಚೇಂಜಿನ ಜೊತೆಗೇ ಆರಂಭಿಸಿದ್ದ ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್ ಮಾತ್ರೆಯಿಂದ ಮುಖ ಊದಿ, ಸಕ್ಕರೆ ಏರಿ, ರಾತ್ರಿ ನಿದ್ದೆ ದೂರವಾಗಿತ್ತು. 2023ರ ಶ್ರಾವಣದಿಂದ ಅದನ್ನು ಇಳಿಸುತ್ತ ಬಂದು ಮರುವರ್ಷದ ಸಂಕ್ರಾಂತಿಯ ಹೊತ್ತಿಗೆ ದಿನಕ್ಕೆ 5 ಮಿಲಿಗ್ರಾಂಗೆ ತಂದರು.

ಭದ್ರಾವತಿಯವರನ್ನು ಆಗಾಗ ತಪಾಸಣೆಯ ದಿನ ಕಾಣುತ್ತೇನೆ. ಅವರ ಗೆಡ್ಡೆಯನ್ನು ತೆಗೆದಿದ್ದಾರೆ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಅಜಥಯೋಪ್ರಿನ್ ಮತ್ತು ದಿನಕ್ಕೆ ನಾಲ್ಕು ಸಲದ ಪಿರಿಡೋಸ್ಟಿಗ್ಮಿನ್ ಮುಂದುವರಿದಿವೆ. ಸಂಜೆಯಾದರೆ ಎಡಗಣ್ಣು ಇಳಿಯುತ್ತದೆ. ಐಸಿಯುವಿನಲ್ಲಿ ನನಗಿಂತ ಎಷ್ಟೋ ಮೊದಲು ಎದ್ದವರು ಅವರು. ಇಂದು ಲಕ್ಷಣಗಳಿಲ್ಲದೆ ಇರುವವಳು ನಾನು. ಮಸ್ಕ್ ಎಂದರೆ ಕೆಟ್ಟ ಬಗೆ ಎಂಬ ಮಾತು ಆರಂಭದ ವರ್ಷಗಳಲ್ಲಿ ವೈದ್ಯರ ನಡುವೆ ಇದ್ದದ್ದು ನಿಜ, ನಾನು ಅನುಭವಿಸಿದ ಇಪ್ಪತ್ತೆರಡು ದಿನಗಳು ಆ ಮಾತನ್ನು ಸುಳ್ಳು ಮಾಡುವುದೂ ಇಲ್ಲ. ಆದರೆ ಆರಂಭ ಕೆಟ್ಟದಾದ ಮಾತ್ರಕ್ಕೆ ಕೊನೆಯೂ ಹಾಗೆಯೇ ಇರಬೇಕಾಗಿಲ್ಲ ಎಂಬುದು, ಸರಿಯಾದ ಹೆಸರು ಸಿಕ್ಕವರಿಗೆ ಮಾತ್ರ, ಈಗ ನಿಜವಾಗಿದೆ.

ನನ್ನ ಪರ್ಸಿನಲ್ಲಿ ಲ್ಯಾಮಿನೇಟ್ ಮಾಡಿಸಿದ ಒಂದು ಕಾರ್ಡ್ ಇದೆ. ಮೊದಲ ಸಾಲು: ಮಯಸ್ತೇನಿಯಾ ಗ್ರೇವಿಸ್, ಮಸ್ಕ್ ಪ್ರತಿಕಾಯ ಪಾಸಿಟಿವ್, ಗ್ರಾಹಿಯ ಪ್ರತಿಕಾಯ ನೆಗೆಟಿವ್. ಅದರ ಕೆಳಗೆ ಕೊಡಬಾರದ ಔಷಧಿಗಳು: ಅಮಿಕಾಸಿನ್, ಜೆಂಟಾಮೈಸಿನ್, ಸಿಪ್ರೋಫ್ಲಾಕ್ಸಾಸಿನ್ ಗುಂಪು, ಅಜಿಥ್ರೋಮೈಸಿನ್ ಗುಂಪು, ರಕ್ತನಾಳಕ್ಕೆ ಕೊಡುವ ಮೆಗ್ನೀಸಿಯಂ. ಕೊನೆಯ ಸಾಲನ್ನು ನಾನೇ ಸೇರಿಸಿದ್ದು: ಬೆರಳಿನ ಕ್ಲಿಪ್ಪನ್ನಷ್ಟೇ ನಂಬಬೇಡಿ, ಎಣಿಸಲು ಹೇಳಿ. ನಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಅದರ ನಕಲನ್ನು ಕೇಳಿ ಪಡೆದು, ತಮ್ಮ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದಾರೆ. ಕಪಾಟಿನಲ್ಲಿದ್ದ ಹಳೆಯ ವರದಿಯನ್ನು ನಾನು ಹರಿದುಹಾಕಲಿಲ್ಲ. ಹೊಸ ವರದಿಯನ್ನು ಅದಕ್ಕೆ ಪಿನ್ ಮಾಡಿ ಒಂದೇ ಫೈಲಿನಲ್ಲಿ ಇಟ್ಟಿದ್ದೇನೆ, ಯಾರಾದರೂ ಒಂದನ್ನು ತೆಗೆದರೆ ಇನ್ನೊಂದೂ ಜೊತೆಗೇ ಬರಲೆಂದು.